ನಿಂತ ಗಾಡಿಯಲ್ಲಿ ಕರೆಂಟ್ ಕುಡಿಯುವುದು ಯಾವುದು?

ಕಬ್ಬಿನ ಹಂಗಾಮು ಮುಗಿದರೆ ನಮ್ಮ ಸಾಂಬ್ರಾಣಿ ಸುತ್ತಿನ ಎಷ್ಟೋ ಟ್ರ್ಯಾಕ್ಟರ್, ಪಿಕಪ್‌ಗಳು ಶೆಡ್ಡು ಸೇರುತ್ತವೆ. ಮಳೆ ಹಿಡಿದ ಮೇಲೆ ಜೋಯಿಡಾ ಕಡೆಯ ಕಾರುಗಳೂ ವಾರಗಟ್ಟಲೆ ಕದಲುವುದಿಲ್ಲ. ಆಮೇಲೆ ಸೆಲ್ಫ್ ಹೊಡೆದರೆ ಟಕ್ ಟಕ್ ಅನ್ನುವುದಷ್ಟೇ. ಮಾಲೀಕರು ನೇರ ಹಳಿಯಾಳಕ್ಕೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ, ಸ್ವಲ್ಪ ದಿನದಲ್ಲಿ ಅದೂ ಇಳಿಯುತ್ತದೆ. ಬಡ ರೈತರ ದುಡ್ಡು ಹೀಗೆ ಹೋಗುವುದನ್ನು ಗ್ಯಾರೇಜಿನಲ್ಲಿ ನೋಡಿ ನೋಡಿ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬ್ಯಾಟರಿಯ ಮೇಲಿನ ಅನುಮಾನ ಬಗೆಹರಿಸಿಕೊಳ್ಳಿ. ಪೂರ್ತಿ ಚಾರ್ಜ್ ಮಾಡಿ, ಮೈನಸ್ ವೈರ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ನಿಂತಿದ್ದರೆ ಬ್ಯಾಟರಿ ಚಾರ್ಜ್ ಹಿಡಿಯುತ್ತಿದೆ, ಕಳ್ಳ ಗಾಡಿಯೊಳಗಿದ್ದಾನೆ. ವೈರ್ ಬಿಚ್ಚಿಟ್ಟರೂ 12.2ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯದೇ. ಖಾಲಿಯಾಗಿ ಬಹಳ ದಿನ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಸೋರಿಕೆ ಹುಡುಕದೆ ಬಿಟ್ಟರೆ ಒಳ್ಳೆಯ ಬ್ಯಾಟರಿಯೂ ಹಾಳಾಗುವುದು ಹೀಗೆ.

ಈಚಿನ ಗಾಡಿಗಳಲ್ಲಿ ಗಡಿಯಾರ, ರಿಮೋಟ್ ಲಾಕ್, ಇಂಜಿನ್ ಕಂಪ್ಯೂಟರಿನ ನೆನಪು, ಇವಕ್ಕೆ ಸದಾ ಒಂದಿಷ್ಟು ಕರೆಂಟ್ ಬೇಕು. 50 ಮಿಲಿಆಂಪ್‌ವರೆಗೆ ಚಿಂತೆಯಿಲ್ಲ. ಹಳೆಯ ಟ್ರ್ಯಾಕ್ಟರಿನಲ್ಲಿ ಇಂಥದ್ದೇನೂ ಇಲ್ಲ, ಅಲ್ಲಿ ಮೀಟರ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸಬೇಕು.

ಅಳೆಯಲು ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಬಿಚ್ಚಿದ ಮೈನಸ್ ವೈರಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಸೇರಿಸಬೇಕು. ಆಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಕಾರಾದರೆ ಬಾಗಿಲು ಹಾಕಿ, ಕೀಲಿ ದೂರವಿಟ್ಟು ಅರ್ಧ ಗಂಟೆಯಾದರೂ ಕಾಯಿರಿ. ಒಳಗಿನ ಕಂಪ್ಯೂಟರುಗಳು ಮಲಗುವ ತನಕ ಅಂಕಿ ದೊಡ್ಡದೇ ಇರುತ್ತದೆ. ತಾಳ್ಮೆಯಿಲ್ಲದೆ ತಪ್ಪು ತೀರ್ಮಾನಕ್ಕೆ ಬರುವುದು ಇಲ್ಲೇ.

ಹತ್ತಿರದ ಊರಿನ ಪಿಕಪ್ ಒಂದರಲ್ಲಿ ಕಾದರೂ ಮೀಟರ್ 0.42 ಆಂಪ್‌ನಿಂದ ಇಳಿಯಲಿಲ್ಲ. ಅಂದರೆ ದಿನಕ್ಕೆ 10 ಆಂಪ್-ಅವರ್. 65ರ ಬ್ಯಾಟರಿ ಮೂರೇ ದಿನಕ್ಕೆ ಅರ್ಧ ಖಾಲಿ. ಒಂದೊಂದೇ ಫ್ಯೂಸ್ ಕಿತ್ತು, ನೋಡಿ, ಮತ್ತೆ ಅದೇ ಜಾಗಕ್ಕೆ ಹಾಕುತ್ತಾ ಹೋದೆ. ಟೇಪಿನ ಫ್ಯೂಸ್ ಕಿತ್ತಾಗ 0.03ಕ್ಕೆ ಬಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಿದರೆ, ಹೊರಗಡೆ ಕೂರಿಸಿದ್ದ ಸ್ಟೀರಿಯೋದ ಹಳದಿ, ಕೆಂಪು ಎರಡೂ ವೈರುಗಳನ್ನು ಸದಾ ಕರೆಂಟ್ ಇರುವ ಲೈನಿಗೇ ತಿರುಚಿದ್ದರು. ಹಳದಿ ನೆನಪಿಗೆ, ಅದು ಅಲ್ಲೇ ಇರಬೇಕು. ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹೋಗಬೇಕು. ವೈರ್ ಬದಲಿಸಿ ಟೇಪ್ ಸುತ್ತಿದೆ, ಹಳೇ ಬ್ಯಾಟರಿಯೇ ಉಳಿಯಿತು. ಹೊರಗಡೆ ಹಾಕಿಸುವ ಆಂಪ್ಲಿಫೈಯರ್, ಜಿಪಿಎಸ್, ಹೆಚ್ಚುವರಿ ಲೈಟುಗಳ ಮೇಲೆಯೇ ನನಗೆ ಮೊದಲ ಅನುಮಾನ. ಆಮೇಲೆ ಡಿಕ್ಕಿಯ ಲೈಟು, ಅಂಟಿಕೊಂಡ ರಿಲೇ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರ್ ನೋಡಿ. ಅದರ ದಪ್ಪ ವೈರ್ ಆ ಸಣ್ಣ ಫ್ಯೂಸುಗಳನ್ನು ದಾಟದೆ ಬ್ಯಾಟರಿಗೆ ಹೋಗುತ್ತದೆ. ಒಳಗಿನ ಡಯೋಡ್ ಕೆಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಮೈನಸ್ ತೆಗೆದು ಆ ದಪ್ಪ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಸೇರಿಸಿ. ಅಂಕಿ ಬಿದ್ದರೆ ಆಲ್ಟರ್ನೇಟರನ್ನು ರಿಪೇರಿಗೆ ಕಳಿಸಿ.