ಮೂರು ನಕ್ಷತ್ರ ಮೂಡುವವರೆಗೆ

ಶನಿವಾರ ಸಂಜೆ. ಅಮೆರಿಕದ ಕಾಡಂಚಿನ ಯಹೂದಿ ಶಿಬಿರವೊಂದರಲ್ಲಿ ಮಕ್ಕಳು ಆಕಾಶ ನೋಡುತ್ತ ನಿಂತಿದ್ದಾರೆ. ಒಂದು ನಕ್ಷತ್ರ ಕಂಡಿತು, ಎರಡನೆಯದೂ ಕಂಡಿತು. ಮೂರನೆಯದು ಕಾಣುವವರೆಗೆ ಬೆಂಕಿಕಡ್ಡಿ ಗೀರುವಂತಿಲ್ಲ. ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸೂರ್ಯಾಸ್ತದ ಹೊತ್ತಿಗೆ ಆರಂಭವಾಗಿ, ಮರುದಿನ ಮೂರು ನಕ್ಷತ್ರ ಮೂಡಿದಾಗ ಮುಗಿಯುತ್ತದೆ. ನಗರದ ಮನೆಗಳಲ್ಲಿ ಈ ವೇಳೆಯನ್ನು ಅಚ್ಚಾದ ಪಟ್ಟಿ ನೋಡಿ ತಿಳಿಯುವುದುಂಟು. ಬೇಸಿಗೆ ಶಿಬಿರದ ಮಗು ಅದನ್ನು ಕಣ್ಣಾರೆ ಕಾಣುತ್ತದೆ.

ಇಂಥ ಶಿಬಿರಗಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿಗಳು ನ್ಯೂಯಾರ್ಕಿನ ಇಕ್ಕಟ್ಟಾದ ವಠಾರಗಳಲ್ಲಿ ನೆಲೆಸಿದ್ದರು. ಅವರ ಮಕ್ಕಳಿಗೆ ನಾಲ್ಕು ದಿನ ಒಳ್ಳೆಯ ಗಾಳಿ ಸಿಗಲೆಂದು 1902ರಲ್ಲಿ ಹಡ್ಸನ್ ಕಣಿವೆಯಲ್ಲಿ ‘ಸರ್ಪ್ರೈಸ್ ಲೇಕ್’ ಶಿಬಿರ ಆರಂಭವಾಯಿತು. ಮುಂದೆ ಹೆಸರಾಂತ ಹಾಸ್ಯನಟನಾದ ಎಡ್ಡಿ ಕ್ಯಾಂಟರ್ ಅಲ್ಲಿಗೆ ಹೋದ ಬಡ ಹುಡುಗರಲ್ಲೊಬ್ಬ.

ಎರಡನೆಯ ಮಹಾಯುದ್ಧದ ನಂತರ ಇನ್ನೊಂದು ಚಿಂತೆ ಮುಂದೆ ಬಂತು. ಯುರೋಪಿನ ಯಹೂದಿ ವಿದ್ಯಾಕೇಂದ್ರಗಳು ನಾಶವಾಗಿದ್ದವು. ಪರಂಪರೆಯನ್ನು ಉಳಿಸುವ ಹೊಣೆ ಅಮೆರಿಕದವರ ಮೇಲೆ ಬಿತ್ತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭವಾದ ‘ರಾಮಾ’ ಶಿಬಿರ ಹೀಬ್ರೂ ಭಾಷೆಯನ್ನೂ ಪ್ರಾರ್ಥನೆಯನ್ನೂ ಆಟಪಾಟಗಳ ಜತೆಗೇ ಕಲಿಸಿತು. 2010ರಲ್ಲಿ ರಾಮಾ ಬಳಗವೇ ಕೊಲರಾಡೊದ ರಾಕಿ ಪರ್ವತಗಳಲ್ಲಿ ಚಾರಣಪ್ರಧಾನವಾದ ಶಿಬಿರವನ್ನು ತೆರೆಯಿತು.

ಕಾಡಿಗೂ ಧರ್ಮಬೋಧನೆಗೂ ಏನು ನಂಟು? ಯಹೂದಿಗಳ ಪ್ರಮುಖ ಹಬ್ಬಗಳಲ್ಲಿ ಹಲವು ಸುಗ್ಗಿಯೊಡನೆ ಬೆಸೆದುಕೊಂಡವು. ಅವರ ತಿಂಗಳು ಚಂದ್ರನನ್ನು ಅನುಸರಿಸುತ್ತದೆ. ನಮ್ಮಲ್ಲಿರುವಂತೆ ಅಧಿಕಮಾಸವೂ ಉಂಟು. ಮಿಂಚು, ಗುಡುಗು, ಕಾಮನಬಿಲ್ಲುಗಳನ್ನು ಕಂಡಾಗ, ಕೇಳಿದಾಗ ಹೇಳಬೇಕಾದ ಸ್ತುತಿವಾಕ್ಯಗಳಿವೆ. ಪಟ್ಟಣವಾಸದಲ್ಲಿ ಆ ಮಾತುಗಳು ಉಳಿದವು. ಅವು ಹೇಳುವ ನೆಲ, ಬಾನು ದೂರವಾದವು. ಅವೆರಡನ್ನೂ ಮತ್ತೆ ಕೂಡಿಸುವುದೇ ಶಿಬಿರದ ಮುಂದಾಳಿನ ಕೆಲಸ.

ಆ ಕೆಲಸ ಉಪನ್ಯಾಸದಿಂದ ಆಗುವಂಥದಲ್ಲ. ಬೆಟ್ಟದ ನೆತ್ತಿಯಲ್ಲಿ ಗುಡುಗು ಕೇಳಿದರೆ ಮೊದಲು ಮಕ್ಕಳನ್ನು ಕೆಳಗಿಳಿಸಬೇಕು. ಸ್ತುತಿಯನ್ನು ಇಳಿಯುತ್ತಲೇ ಹೇಳಬಹುದು. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ನಡಿಗೆ ಮುಗಿದು, ಡೇರೆ ಎದ್ದು, ಮರುದಿನದ ಅಡುಗೆಯೂ ಆಗಿರಬೇಕು. ಆದರೆ ಮಗುವಿನ ಪ್ರಾಣಕ್ಕೆ ಅಪಾಯ ಬಂದರೆ ಸಬ್ಬತ್ತಿನ ಕಟ್ಟುಗಳು ಸಡಿಲುತ್ತವೆ. ಬೆಂಕಿ ಹಚ್ಚಬೇಕು, ವಾಹನ ಕರೆಸಬೇಕು. ಜೀವ ಉಳಿಸುವುದು ಸಬ್ಬತ್ತಿಗಿಂತ ದೊಡ್ಡದೆಂದು ಅವರ ಧರ್ಮಶಾಸ್ತ್ರವೇ ಹೇಳುತ್ತದೆ. ಹಿಂಜರಿಯದೆ ಹಾಗೆ ನಡೆಯುವ ಮುಂದಾಳಿನಿಂದ ಮಕ್ಕಳು ಕಲಿಯುವ ಪಾಠ ಯಾವ ಪುಸ್ತಕದ್ದಕ್ಕಿಂತಲೂ ಗಟ್ಟಿಯಾದುದು.

ಊಟದ ತಟ್ಟೆಯೂ ಪಾಠವಾಗಬಲ್ಲದು. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಗಳನ್ನು ಕಡಿಯಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಏನನ್ನೂ ವ್ಯರ್ಥ ಮಾಡಬಾರದೆಂದು ನಂತರದ ಪಂಡಿತರು ಅದನ್ನು ವಿಸ್ತರಿಸಿದರು. 1994ರಲ್ಲಿ ಹುಟ್ಟಿದ ‘ತೇವಾ’ ಎಂಬ ಸಂಸ್ಥೆ ಶಾಲಾಮಕ್ಕಳನ್ನು ಕೆಲವು ದಿನ ಕಾಡಿಗೆ ಕರೆದೊಯ್ಯುತ್ತಿತ್ತು. ಹೀಬ್ರೂವಿನಲ್ಲಿ ತೇವಾ ಎಂದರೆ ಪ್ರಕೃತಿ. ಅಲ್ಲಿ ಊಟದ ನಂತರ ತಟ್ಟೆಯಲ್ಲಿ ಉಳಿದುದನ್ನೆಲ್ಲ ಒಟ್ಟುಮಾಡಿ ತೂಗುತ್ತಿದ್ದರು. ತೂಕವನ್ನು ಊಟದಿಂದ ಊಟಕ್ಕೆ ಇಳಿಸುವುದೇ ಮಕ್ಕಳಿಗೆ ಪಂಥ.

ಬೇಸಿಗೆ ಮುಗಿದ ಮೇಲೆ ಮಕ್ಕಳು ಬೀದಿದೀಪಗಳ ಊರಿಗೆ ಮರಳುತ್ತಾರೆ. ಅಲ್ಲಿ ನಕ್ಷತ್ರ ಕಾಣುವುದು ಕಷ್ಟ. ಆದರೂ ಶನಿವಾರ ಸಂಜೆ ಒಂದು ಮಗು ಪಟ್ಟಿ ಬಿಟ್ಟು ಕಿಟಕಿಯತ್ತ ನಡೆದರೆ ಮುಂದಾಳಿನ ಶ್ರಮ ಸಾರ್ಥಕ.