ಮೇಲೇರಿದ ಮೇಲೆ ರಿಪೇರಿಯಿಲ್ಲ

ಫೀಲ್ಡ್ ಪ್ರೋಗ್ರಾಮಬಲ್ ಗೇಟ್ ಅರೇ, ಎಂಜಿನಿಯರುಗಳ ಬಾಯಲ್ಲಿ ಎಫ್‌ಪಿಜಿಎ, ಕಾರ್ಖಾನೆಯಿಂದ ಖಾಲಿಯಾಗಿಯೇ ಹೊರಬರುವ ಚಿಪ್. ಅದರೊಳಗೆ ಸಣ್ಣ ಸಣ್ಣ ಲಾಜಿಕ್ ಘಟಕಗಳೂ ಅವನ್ನು ಒಂದಕ್ಕೊಂದು ಬೆಸೆಯಬಲ್ಲ ತಂತಿಗಳೂ ಇರುತ್ತವೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂಬ ತೀರ್ಮಾನ ಮಾತ್ರ ಕೊಂಡವರದು. ಅಮೆರಿಕದ ಝೈಲಿಂಕ್ಸ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ ಎಕ್ಸ್‌ಸಿ 2064 ಈ ಬಗೆಯ ಮೊದಲ ಚಿಪ್. ಅದರಲ್ಲಿದ್ದದ್ದು 64 ಘಟಕಗಳು. ಲಕ್ಷಗಟ್ಟಲೆ ಮಾರಾಟವಾಗುವ ಟಿವಿಗೆ ಪ್ರತ್ಯೇಕ ಚಿಪ್ ಅಚ್ಚು ಹಾಕಿಸಿದರೆ ಖರ್ಚು ಹೇಗೋ ಹೊಂದುತ್ತದೆ. ಒಂದೋ ಎರಡೋ ತಯಾರಾಗುವ ಉಪಗ್ರಹಕ್ಕೆ, ಕೆಲವೇ ನೂರು ತಯಾರಾಗುವ ಕ್ಷಿಪಣಿಗೆ ಅದು ಹೊಂದುವುದಿಲ್ಲ. ಹಾಗಾಗಿ ಸೇನೆಯೂ ಬಾಹ್ಯಾಕಾಶ ಸಂಸ್ಥೆಗಳೂ ಈ ಖಾಲಿ ಚಿಪ್ಪನ್ನು ಬಹುಬೇಗ ಒಪ್ಪಿಕೊಂಡವು. ಅದನ್ನು ನಂಬಿಕೆಗೆ ತಕ್ಕಂತೆ ಬಳಸುವುದನ್ನು ಕಲಿಯಲು ಮಾತ್ರ ಬಹಳ ಕಾಲ ಹಿಡಿಯಿತು, ದುಬಾರಿ ನಷ್ಟಗಳನ್ನೂ ಉಣ್ಣಬೇಕಾಯಿತು.

ಬಾಹ್ಯಾಕಾಶದಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಎಂಥ ಗತಿ ಬರಬಹುದೆಂಬುದು ಎಫ್‌ಪಿಜಿಎ ಹುಟ್ಟುವುದಕ್ಕೆ ಎಷ್ಟೋ ಮೊದಲೇ ತಿಳಿದಿತ್ತು. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, ಬಲು ಎತ್ತರದಲ್ಲಿ, ಸ್ಟಾರ್‌ಫಿಶ್ ಪ್ರೈಮ್ ಎಂಬ ಅಣ್ವಸ್ತ್ರ ಸ್ಫೋಟ ನಡೆಸಿತು. ಮರುದಿನವೇ ಬೆಲ್ ಲ್ಯಾಬ್ಸ್‌ನ ಟೆಲ್‌ಸ್ಟಾರ್ ಉಪಗ್ರಹ ಹಾರಿತು. ಸ್ಫೋಟ ಚೆಲ್ಲಿದ ಎಲೆಕ್ಟ್ರಾನ್‌ಗಳ ನಡುವೆಯೇ ಸುತ್ತುತ್ತಿದ್ದ ಅದರ ಟ್ರಾನ್ಸಿಸ್ಟರ್‌ಗಳು ಕ್ರಮೇಣ ಸೊರಗಿ, ಮರುವರ್ಷದ ಫೆಬ್ರುವರಿಯಲ್ಲಿ ಉಪಗ್ರಹ ಪೂರ್ತಿ ಮೌನವಾಯಿತು. ಇದು ದಿನದಿನಕ್ಕೂ ಕೂಡುತ್ತ ಹೋಗುವ ವಿಕಿರಣದ ಪೆಟ್ಟು.

ಇನ್ನೊಂದು ಬಗೆಯ ಪೆಟ್ಟು ಒಂದೇ ಕಣದಿಂದ ಬೀಳುತ್ತದೆ. 1975ರಲ್ಲಿ ಬೈಂಡರ್, ಸ್ಮಿತ್ ಮತ್ತು ಹೋಲ್ಮನ್ ಎಂಬ ಸಂಶೋಧಕರು, ಸಂವಹನ ಉಪಗ್ರಹಗಳಲ್ಲಿ ಕಾರಣ ತಿಳಿಯದೆ ಉಳಿದಿದ್ದ ಕೆಲವು ವಿಚಿತ್ರ ವರ್ತನೆಗಳಿಗೆ ಗ್ಯಾಲಕ್ಸಿಯಿಂದ ಬರುವ ವಿಶ್ವಕಿರಣಗಳೇ ಕಾರಣವೆಂದು ತೋರಿಸಿದರು. ಭಾರದ ಅಯಾನೊಂದು ಸಿಲಿಕಾನ್ ಮೂಲಕ ಹಾದಾಗ ಅದರ ದಾರಿಯುದ್ದಕ್ಕೂ ವಿದ್ಯುದಾವೇಶ ಬಿಡುಗಡೆಯಾಗುತ್ತದೆ. ಅದು ಮೆಮೊರಿಯ ಒಂದು ಕೋಶಕ್ಕೆ ಹರಿದರೆ ಅಲ್ಲಿದ್ದ ಸೊನ್ನೆ ಒಂದಾಗುತ್ತದೆ, ಇಲ್ಲವೇ ಒಂದು ಸೊನ್ನೆಯಾಗುತ್ತದೆ. ಚಿಪ್ಪಿಗೆ ಏನೂ ಹಾನಿಯಿಲ್ಲ. ಅದರೊಳಗಿನ ಮಾಹಿತಿ ಮಾತ್ರ ಸುಳ್ಳಾಗಿರುತ್ತದೆ. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಸೆರಾಮಿಕ್ ಕವಚದಲ್ಲಿದ್ದ ಲವಲೇಶ ವಿಕಿರಣಶೀಲ ವಸ್ತುವೇ ನೆಲದ ಮೇಲೂ ಇಂಥ ತಪ್ಪು ಮಾಡಿಸಬಲ್ಲದೆಂದು ತೋರಿಸಿಕೊಟ್ಟರು.

ಮದ್ದೂ ಹಳೆಯದೇ. ನಂಬಲಾಗದ ಬಿಡಿಭಾಗಗಳಿಂದ ನಂಬಲರ್ಹ ಯಂತ್ರ ಕಟ್ಟುವುದು ಹೇಗೆಂದು ಜಾನ್ ವಾನ್ ನಾಯ್ಮನ್ 1950ರ ದಶಕದಲ್ಲೇ ಗಣಿತದ ಮೂಲಕ ವಿವರಿಸಿದ್ದರು. ಒಂದೇ ಸರ್ಕ್ಯೂಟನ್ನು ಮೂರು ಪಟ್ಟು ಮಾಡಿ, ಎರಡು ಒಪ್ಪಿದ ಉತ್ತರವನ್ನೇ ಸ್ವೀಕರಿಸುವ ಬಹುಮತದ ವಿಧಾನ ಆ ವಿಚಾರದಿಂದ ಬೆಳೆದು ಬಂತು. ಚಂದ್ರನತ್ತ ಹೊರಟ ಸ್ಯಾಟರ್ನ್-5 ರಾಕೆಟ್ಟಿಗೆ ದಾರಿ ತೋರಿದ ಐಬಿಎಂ ಕಂಪ್ಯೂಟರಿನ ಲಾಜಿಕ್ ಇದೇ ಮಾದರಿಯದು.

ಸೇನೆಯ ಚಿಂತೆ ಸ್ವಲ್ಪ ಬೇರೆ. ಮರುಭೂಮಿಯಲ್ಲೂ ಹಿಮದಲ್ಲೂ ಕೆಲಸ ನಡೆಯಬೇಕೆಂದು ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಮಿತಿ ನಿಗದಿಯಾಯಿತು. ಹಳೆಯ ಚಿಪ್ಪಿನ ತಯಾರಿ ನಿಂತುಹೋದರೆ ಅದೇ ಕೆಲಸ ಮಾಡುವ ಹೊಸದನ್ನು ಹೇಗೆ ಮಾಡಿಸುವುದೆಂಬ ಪ್ರಶ್ನೆಯೂ ಕಾಡುತ್ತಿತ್ತು, ಏಕೆಂದರೆ ಯುದ್ಧವಿಮಾನದ ಆಯುಸ್ಸು ಚಿಪ್ಪಿನ ಆಯುಸ್ಸಿಗಿಂತ ಬಹಳ ಉದ್ದ. ಸರ್ಕ್ಯೂಟಿನ ವರ್ತನೆಯನ್ನು ಬರಹದಲ್ಲೇ ಖಚಿತವಾಗಿ ದಾಖಲಿಸಲು ಅಮೆರಿಕದ ರಕ್ಷಣಾ ಇಲಾಖೆ ಮಾಡಿಸಿದ ಭಾಷೆಯೇ ವಿಎಚ್‌ಡಿಎಲ್. 1987ರಲ್ಲಿ ಅದು ಐಇಇಇ ಮಾನದಂಡವಾಯಿತು. ಇಂದು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಬರೆಯುವ ವಿಎಚ್‌ಡಿಎಲ್ ಇದೇ.

ಪ್ರೋಗ್ರಾಮಬಲ್ ಚಿಪ್ಪುಗಳು ಎರಡು ದಾರಿ ಹಿಡಿದವು. ಆಕ್ಟೆಲ್ ಕಂಪನಿಯ ಆ್ಯಂಟಿಫ್ಯೂಸ್ ಚಿಪ್ಪಿನಲ್ಲಿ ಸಂಪರ್ಕಗಳು ಒಮ್ಮೆ ಬೆಸೆದರೆ ಮುಗಿಯಿತು, ಮತ್ತೆ ಬಿಚ್ಚಲಾಗದು. ಕಣ ಬಡಿದರೂ ತಂತಿಜಾಲ ಬದಲಾಗದು. ಝೈಲಿಂಕ್ಸ್‌ನ ಚಿಪ್ಪಿನಲ್ಲಿ ಸಂಪರ್ಕಗಳ ನಕ್ಷೆ ಮೆಮೊರಿಯಲ್ಲಿರುತ್ತದೆ. ಎಷ್ಟು ಸಲ ಬೇಕಾದರೂ ತಿದ್ದಬಹುದು, ಆದರೆ ಕಣವೊಂದು ಆ ಮೆಮೊರಿಯನ್ನು ಕದಡಿದರೆ ಸರ್ಕ್ಯೂಟೇ ಬೇರೆಯಾಗಿಬಿಡುತ್ತದೆ. ಅದಕ್ಕಾಗಿ ಮೂಲ ನಕ್ಷೆಯನ್ನು ಸುರಕ್ಷಿತವಾಗಿಟ್ಟು, ಚಿಪ್ ಕೆಲಸ ಮಾಡುತ್ತಿರುವಾಗಲೇ ಮತ್ತೆ ಮತ್ತೆ ಅದನ್ನು ಬರೆಯುತ್ತಿರುತ್ತಾರೆ. ಈ ವಿಧಾನಕ್ಕೆ ಸ್ಕ್ರಬ್ಬಿಂಗ್ ಎಂದು ಹೆಸರು.

ಇಷ್ಟೆಲ್ಲ ವಿಕಿರಣದ ಚಿಂತೆ ನಡೆದಿರುವಾಗ, ಅತಿ ದೊಡ್ಡ ಪಾಠ ಬಂದದ್ದು ವಿಕಿರಣಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. 1999ರ ಮಾರ್ಚ್ 4ರಂದು ನಾಸಾದ ವೈರ್ ಎಂಬ ಸಣ್ಣ ದೂರದರ್ಶಕ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಹಾರಿತು. ಗ್ಯಾಲಕ್ಸಿಗಳ ಅವಕೆಂಪು ಬೆಳಕನ್ನು ಹಿಡಿಯುವುದು ಅದರ ಉದ್ದೇಶ. ಅದಕ್ಕಾಗಿ ಉಪಕರಣವನ್ನು ಘನ ಹೈಡ್ರೋಜನ್‌ನಿಂದ ವಿಪರೀತ ತಣ್ಣಗಿಡಲಾಗಿತ್ತು. ದೂರದರ್ಶಕದ ಮುಚ್ಚಳವನ್ನು ಸ್ಫೋಟಕ ಸಾಧನವೊಂದು ಹಾರಿಸಿ ತೆಗೆಯಬೇಕಿತ್ತು, ಅದೂ ನೆಲದಿಂದ ಆದೇಶ ಬಂದ ಮೇಲೆ. ಆ ಸ್ಫೋಟಕಗಳನ್ನು ನಿಯಂತ್ರಿಸುವ ಪೆಟ್ಟಿಗೆಯಲ್ಲಿದ್ದದ್ದು ಆಕ್ಟೆಲ್‌ನ ಒಂದು ಎಫ್‌ಪಿಜಿಎ.

ಪೆಟ್ಟಿಗೆಗೆ ಕಕ್ಷೆಯಲ್ಲಿ ಮೊದಲ ಸಲ ವಿದ್ಯುತ್ ಕೊಟ್ಟ ಕ್ಷಣದಲ್ಲೇ ಮುಚ್ಚಳ ಹಾರಿಹೋಯಿತು. ತನಿಖಾ ಮಂಡಳಿ ಹುಡುಕಿದ ಕಾರಣ ಸಣ್ಣದು, ಆದರೆ ಮೂಲಭೂತವಾದದ್ದು. ವಿನ್ಯಾಸಕಾರರು ಚಿಪ್ಪಿನ ರೀಸೆಟ್ಟನ್ನು ಗಡಿಯಾರದ ಮಿಡಿತಕ್ಕೆ ಕಟ್ಟಿದ್ದರು: ಗಡಿಯಾರ ಮಿಡಿದರೆ ಮಾತ್ರ ಸರ್ಕ್ಯೂಟ್ ಆರಂಭದ ಸ್ಥಿತಿಗೆ ಬರುತ್ತದೆ. ಆ ಮಿಡಿತ ಕೊಡುವ ಸ್ಫಟಿಕ ಆಸಿಲೇಟರ್ ವಿದ್ಯುತ್ ಬಂದೊಡನೆ ಶುರುವಾಗುವುದಿಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಎಫ್‌ಪಿಜಿಎ ಕೂಡ ತನ್ನ ಒಳಗಿನ ವೋಲ್ಟೇಜ್ ಏರುವವರೆಗೆ ಕಾಗದದ ಮೇಲಿನ ಲಾಜಿಕ್ಕಿಗೆ ಬದ್ಧವಾಗಿರುವುದಿಲ್ಲ, ಅದರ ಔಟ್‌ಪುಟ್‌ಗಳು ಹೇಗೆ ಬೇಕಾದರೂ ಇರಬಹುದು. ಆ ಅಲ್ಪ ಹೊತ್ತಿನಲ್ಲೇ ಯಾರೂ ಕೊಡದ ಆದೇಶ ಸ್ಫೋಟಕಕ್ಕೆ ತಲುಪಿತು. ತೆರೆದ ಬಾಯಿಯಿಂದ ಶಾಖ ನುಗ್ಗಿ ಹೈಡ್ರೋಜನ್ ಆವಿಯಾಗತೊಡಗಿತು. ಹೊರಚಿಮ್ಮಿದ ಅನಿಲವೇ ಉಪಗ್ರಹವನ್ನು ಗಿರಗಿರನೆ ತಿರುಗಿಸಿತು. ನಾಲ್ಕು ತಿಂಗಳು ಬಾಳಬೇಕಿದ್ದ ತಂಪು ಎರಡು ದಿನದೊಳಗೆ ಖಾಲಿಯಾಗಿ ಮುಖ್ಯ ಕಾರ್ಯಯೋಜನೆ ಅಲ್ಲಿಗೇ ಮುಗಿಯಿತು. ಉಪಗ್ರಹದ ದಿಕ್ಕು ನೋಡಲೆಂದು ಇಟ್ಟಿದ್ದ ಪುಟ್ಟ ನಕ್ಷತ್ರ-ಕ್ಯಾಮೆರಾದಿಂದ ವಿಜ್ಞಾನಿಗಳು ಆಮೇಲೆ ನಕ್ಷತ್ರಗಳ ಕಂಪನ ಅಳೆದರೆಂಬುದು ಈ ಕಥೆಯಲ್ಲಿರುವ ಒಂದೇ ಸಮಾಧಾನ.

ಪರೀಕ್ಷೆಗಳು ನಡೆದಿದ್ದವು. ಆದರೆ ಈ ದೋಷವನ್ನು ಹಿಡಿಯುವಷ್ಟು ಅವು ವಾಸ್ತವಕ್ಕೆ ಹತ್ತಿರವಾಗಿರಲಿಲ್ಲ. ಆ ಪೆಟ್ಟಿಗೆಯ ವಿನ್ಯಾಸವನ್ನು ಬೇರೆ ಎಂಜಿನಿಯರುಗಳು ಕೂತು ಪೂರ್ತಿ ಪರಿಶೀಲಿಸಿಯೂ ಇರಲಿಲ್ಲ. ವಿದ್ಯುತ್ ಬಂದ ಕೂಡಲೇ, ಗಡಿಯಾರಕ್ಕೆ ಕಾಯದೆ, ರೀಸೆಟ್ ಆಗಬೇಕು, ಅಪಾಯಕಾರಿ ಔಟ್‌ಪುಟ್‌ಗಳನ್ನು ಎಫ್‌ಪಿಜಿಎಯ ಹೊರಗಿನಿಂದಲೂ ತಡೆದಿಡಬೇಕು ಎಂಬ ಪಾಠ ವೈರ್ ಕಲಿಸಿತು. ರೀಸೆಟ್ಟನ್ನು ಬಿಡುವಾಗ ಮಾತ್ರ ಗಡಿಯಾರಕ್ಕೆ ಹೊಂದಿಸಿ ಬಿಡಬೇಕು, ಇಲ್ಲದಿದ್ದರೆ ಸರ್ಕ್ಯೂಟಿನ ಒಂದು ಭಾಗ ಮುಂಚೆ, ಇನ್ನೊಂದು ಆಮೇಲೆ ಎಚ್ಚರವಾಗುತ್ತದೆ.

ಸಾಫ್ಟ್‌ವೇರ್ ಸಾಧನಗಳಿಂದಲೂ ತೊಂದರೆ ಬರಬಹುದು. ವಿನ್ಯಾಸಕಾರ ಬೇಕೆಂದೇ ಒಂದು ರಿಜಿಸ್ಟರನ್ನು ಮೂರು ಸಲ ಬರೆದಿದ್ದರೆ, ಬರಹವನ್ನು ಸರ್ಕ್ಯೂಟಾಗಿ ಬದಲಿಸುವ, ಜಾಗ ಉಳಿಸುವ ಉಮೇದಿನ ಸಿಂಥೆಸಿಸ್ ಸಾಧನ ಮೂರೂ ಒಂದೇ ಎಂದು ಬಗೆದು ಎರಡನ್ನು ಅಳಿಸಿಹಾಕುತ್ತದೆ. ಸಿಮ್ಯುಲೇಶನ್ ಸರಿಯಾಗಿಯೇ ನಡೆಯುತ್ತದೆ, ರಕ್ಷಣೆ ಮಾತ್ರ ಮಾಯ. ಹಾಗಾಗಿ ಸಾಧನ ಕೊನೆಗೆ ಕೊಟ್ಟ ಜಾಲವನ್ನು ತೆರೆದು ನೋಡುವುದು ಈ ಕ್ಷೇತ್ರದಲ್ಲಿ ಕಡ್ಡಾಯ ಶಿಸ್ತು.

ತಿದ್ದಬಲ್ಲ ಚಿಪ್ಪಿನ ಮೇಲೆ ನಂಬಿಕೆ ಹೀಗೆ ಹಂತಹಂತವಾಗಿ ಬೆಳೆಯಿತು. 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳ ಮೋಟಾರ್ ನಿಯಂತ್ರಣದಲ್ಲಿ ಝೈಲಿಂಕ್ಸ್ ಚಿಪ್ ಇತ್ತು. 2021ರಲ್ಲಿ ಇಳಿದ ಪರ್ಸೆವರೆನ್ಸ್‌ನಲ್ಲಿ ಇಳಿಯುವ ಜಾಗದ ಚಿತ್ರಗಳನ್ನು ನಕ್ಷೆಗೆ ಹೋಲಿಸಲು ನೆರವಾದ ಎಫ್‌ಪಿಜಿಎಯನ್ನು, ಇಳಿದ ಮೇಲೆ ರೋವರಿನ ಓಡಾಟಕ್ಕೆ ಬೇಕಾದ ಚಿತ್ರಗಳ ಸಂಸ್ಕರಣೆಗೆಂದು ಮರುಪ್ರೋಗ್ರಾಂ ಮಾಡಲಾಯಿತು.

ಭಾರತದಲ್ಲಿ ನಂಬಲರ್ಹ ಎಲೆಕ್ಟ್ರಾನಿಕ್ಸ್ ಕಟ್ಟುವ ಈ ಶಿಸ್ತಿನ ದೊಡ್ಡ ಪಾಲು ಬೆಂಗಳೂರಿನಲ್ಲೇ ಬೆಳೆಯಿತು. 2001ರ ಜನವರಿ 4ರಂದು ನಗರದ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆ ಮೂರಲ್ಲ, ನಾಲ್ಕು ಪಟ್ಟಿನದು. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿದ ತಂಡದಿಂದ ಬೆಳೆದ ಉಪಗ್ರಹ ಕೇಂದ್ರ ಇಂದು ಯು.ಆರ್. ರಾವ್ ಹೆಸರಿನಲ್ಲಿದೆ. ಬೆಂಗಳೂರಿನಾಚೆ, ರಾಕೆಟ್‌ಗಳಿಗೆಂದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಮತ್ತು ಚಂಡೀಗಢದ ಸೆಮಿಕಂಡಕ್ಟರ್ ಪ್ರಯೋಗಾಲಯ ಕೂಡಿ ರೂಪಿಸಿದ 32 ಬಿಟ್‌ನ ವಿಕ್ರಮ್ 3201 ಪ್ರೊಸೆಸರ್ 2025ರಲ್ಲಿ ಇಸ್ರೋ ಕೈಸೇರಿತು. ಅದು ತಯಾರಾದದ್ದು 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ. ಮೊಬೈಲ್ ಫೋನಿನ ಲೆಕ್ಕದಲ್ಲಿ ಅದು ಹಳೆಯದಾದರೂ ರಾಕೆಟ್ಟಿಗೆ ಬೇಕಾದದ್ದು ವೇಗಕ್ಕಿಂತ ಮೊದಲು ಭರವಸೆ, ಆ ಆಯ್ಕೆ ಸರಿಯಾದದ್ದೇ.