ಜಾಲತಾಣದ ವಿನ್ಯಾಸಕಾರನೂ ಅಂಗಡಿಯ ಯಜಮಾನನೂ

ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ನೇಕಾರರು ಕೊಂಡಿ ಹಾಕಿ ಕೂಡಿಸುವರು. ಜಾಲತಾಣವೂ ಅಂತೆಯೇ ಮೂರು ಅಂಗಗಳ ಜೋಡಣೆ: ಡೊಮೈನ್ ಎಂಬ ವಿಳಾಸನಾಮ, ಕಡತಗಳನ್ನಿಡುವ ಹೋಸ್ಟಿಂಗ್ ಸ್ಥಳ ಹಾಗೂ ಪುಟಗಳ ವಿನ್ಯಾಸ. ಸಣ್ಣ ವ್ಯಾಪಾರಿಯು ವಿನ್ಯಾಸಕಾರನನ್ನು ನೇಮಿಸುವ ಮೊದಲು ಈ ಭೇದವನ್ನು ಅರಿತಿರಬೇಕು.

ವಿನ್ಯಾಸವು ಕೂಲಿ ಕೊಟ್ಟು ಮಾಡಿಸುವ ಕೆಲಸ. ವಿಳಾಸನಾಮವಾದರೋ ಅವಧಿ ತೀರಿದಂತೆಲ್ಲ ಹಣ ಕಟ್ಟಿ ಉಳಿಸಿಕೊಳ್ಳಬೇಕಾದ ಹಕ್ಕು. ಅನುಕೂಲಕ್ಕೆಂದು ವಿನ್ಯಾಸಕಾರನು ಅದನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿ, ಮುಂದೆ ಊರು ಬಿಟ್ಟನೆನ್ನಿ. ನವೀಕರಣದ ಸೂಚನೆ ವ್ಯಾಪಾರಿಗೆ ತಲುಪದು. ಅವಧಿ ಮೀರಿ ಹಕ್ಕು ತಪ್ಪಿದ ಮೇಲೆ, ಕೈಚೀಲ, ರಸೀದಿ, ನಾಮಫಲಕಗಳಲ್ಲಿ ಅಚ್ಚಾದ ಅದೇ ಹೆಸರನ್ನು ಬೇರೊಬ್ಬನು ಪಡೆಯಬಹುದು. ಮನೆ ಕಟ್ಟಿದ ಗೌಂಡಿಯ ಹೆಸರಿಗೆ ಯಾರೂ ಮನೆಯ ಪತ್ರ ಬರೆಸುವುದಿಲ್ಲ. ನೋಂದಣಿಯೂ ಗುಪ್ತಪದವೂ ಯಜಮಾನನಲ್ಲಿಯೇ ಇರತಕ್ಕದ್ದು.

ಎರಡನೆಯದು ಭಾಷೆಯ ವಿಚಾರ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದೆ. ಕನ್ನಡವನ್ನು ಚಿತ್ರವಾಗಿ ಅಂಟಿಸದೆ ಯೂನಿಕೋಡ್ ಅಕ್ಷರಗಳಲ್ಲಿ ಮೂಡಿಸಿದರೆ ಹುಡುಕುವವರಿಗೆ ಅಂಗಡಿ ಸುಲಭವಾಗಿ ಸಿಗುವುದು.

ಪುಟಗಳ ಸಂಖ್ಯೆ, ಹಣದ ಕಂತುಗಳು, ದರ ಬದಲಾದಾಗ ತಿದ್ದುವವರಾರು, ಕೊನೆಗೆ ಕಡತಗಳ ಹಸ್ತಾಂತರ — ಇವು ಮೊದಲೇ ಬರವಣಿಗೆಯಲ್ಲಿರಲಿ. ಆತನು ಹಿಂದೆ ರಚಿಸಿದ ತಾಣಗಳನ್ನು ಮೊಬೈಲಿನಲ್ಲಿ ತೆರೆದು ನೋಡುವುದೂ ಯುಕ್ತ.

ಇಷ್ಟಾದ ಬಳಿಕ ಒಪ್ಪಿದ ಹಣವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುವುದು ಯಜಮಾನನ ಧರ್ಮ. ಆತನ ದುಡಿಮೆಯೂ ಕಾಯಕವೇ. ಸ್ಪಷ್ಟವಾದ ಒಪ್ಪಂದವು ಅವಿಶ್ವಾಸದ ಗುರುತಲ್ಲ. ಇಬ್ಬರ ಕಾಯಕಕ್ಕೂ ಅದು ಕಾವಲು.